ಹಳದಿ ಬಾವುಟ: ಆರನೆಯ ಕಂತು, ಎಡಗೈ ಹೊಲಿಗೆ

"ಅವರಿಗೆ ಕಾಲು ತೆಗೆಯೋಕೆ ಹೇಳಿ," ಎಂದರು ಅತ್ತೆ, ಸೂಜಿಗೆ ದಾರ ಪೋಣಿಸುತ್ತ. "ನನ್ನ ಬಾವುಟ ತುಳೀತಿದ್ದಾರೆ."

ಗುಮಾಸ್ತರು ಕುರ್ಚಿಯಲ್ಲೇ ಅರ್ಧ ತಿರುಗಿ, ಕಾಲು ತೆಗೆಯಬೇಕಂತೆ ಎಂದು ತನಿಖಾಧಿಕಾರಿಗೆ ತಿಳಿಸಿದರು. ತನಿಖಾಧಿಕಾರಿ ಅತ್ತೆಯಿಂದ ಎರಡು ಮಾರು ದೂರದಲ್ಲಿ ನಿಂತಿದ್ದ. ಅವನ ಎರಡು ಕಿವಿಯೂ ಚೆನ್ನಾಗಿಯೇ ಇದ್ದವು. ಆದರೂ ಗುಮಾಸ್ತರ ಮಾತು ಮುಗಿಯುವವರೆಗೆ ಕಾದು, ಆಮೇಲೆ ಕಾಲು ತೆಗೆದ. ಅತ್ತೆ ಅಳಿಯಂದಿರ ನಡುವೆ ಮೂರು ವರ್ಷದಿಂದ ಮಾತು ಸಾಗುತ್ತಿದ್ದುದೇ ಹೀಗೆ.

ಅದು ನೌಕಾಪಡೆಯ ಸಂಕೇತ ಶಾಲೆಯ ಮಹಡಿ ಕೋಣೆ. ಹಡಗಿನಿಂದ ಹಡಗಿಗೆ ಮಾತನಾಡುವುದು ಹೇಗೆ ಎಂದು ಕಲಿಸುವ ಶಾಲೆ: ಬಾವುಟ, ದೀಪ, ರೇಡಿಯೋ. ಗೋಡೆಯುದ್ದಕ್ಕೂ ಪಾರಿವಾಳದ ಗೂಡಿನಂಥ ಖಾನೆಗಳು, ಒಂದೊಂದರಲ್ಲೂ ಸುತ್ತಿಟ್ಟ ಒಂದೊಂದು ಬಾವುಟ. ನಡುವೆ ಉದ್ದನೆಯ ಮೇಜು, ಎರಡು ಹೊಲಿಗೆ ಯಂತ್ರ. ಕಿಟಕಿಯಾಚೆ ಕಟ್ಟೆಗೆ ಕಟ್ಟಿ ನಿಲ್ಲಿಸಿದ ಹಳೆಯ ಯುದ್ಧನೌಕೆ. ಅದರ ಎಂಜಿನ್ ಕಿತ್ತು ನಲವತ್ತು ವರ್ಷವಾಗಿದ್ದರೂ ನಿಯಮದ ಪ್ರಕಾರ ಅದು ಪ್ರಯಾಣದಲ್ಲಿರುವ ಹಡಗೇ. ದಿನಾ ಬೆಳಿಗ್ಗೆ ದಿನಚರಿಯಲ್ಲಿ 'ವೇಗ: ಸೊನ್ನೆ' ಎಂದು ಬರೆದು ಸಹಿ ಹಾಕುತ್ತಿದ್ದರು.

ಶನಿವಾರ ನಡೆದದ್ದು ಆ ಹಡಗಿನ ಮೇಲೆ. ದೊಡ್ಡ ಸಾಹೇಬರ ದೋಣಿ ಪರಿಶೀಲನೆಗೆಂದು ಹತ್ತಿರ ಬರುವ ಹೊತ್ತಿಗೆ ಸರಿಯಾಗಿ, 'ಸುಸ್ವಾಗತ, ಹತ್ತಿರ ಬನ್ನಿ' ಎಂದು ಹಾರಬೇಕಿದ್ದ ಮೂರು ಬಾವುಟಗಳು 'ಹಡಗಿನಲ್ಲಿ ಅಂಟುರೋಗ, ದೂರ ಸರಿಯಿರಿ' ಎಂದು ಹಾರಿದ್ದವು.

ಮೇಲಿನದು ಸರಿ, ಕೆಳಗಿನದೂ ಸರಿ. ನಡುವೆ ನೀಲಿ ಇರಬೇಕಾದ ಕಡೆ ಹಳದಿ. ಸಾಹೇಬರ ದೋಣಿ ಎಷ್ಟು ಚುರುಕಾಗಿ ತಿರುಗಿತೆಂದರೆ ಅವರ ಟೋಪಿ ಮಾತ್ರ ಹಡಗಿನ ಕಡೆಗೇ ತೇಲಿಬಂತು. ಅರ್ಧ ಗಂಟೆಯಲ್ಲಿ ಮುಖವಾಡ ತೊಟ್ಟ ನೈರ್ಮಲ್ಯದ ದಳದವರು ಬಂದು, ಸ್ವಾಗತಕ್ಕೆ ನಿಂತಿದ್ದ ವಾದ್ಯದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಔಷಧಿ ಸಿಂಪಡಿಸಿದರು. ದೊಡ್ಡ ತುತ್ತೂರಿಯವನ ತುತ್ತೂರಿಯಿಂದ ಇವತ್ತಿಗೂ ಔಷಧಿಯ ವಾಸನೆ ಬರುತ್ತಿತ್ತು.

ಬಾವುಟ ಏರಿಸಿದವಳು ಏಳನೇ ನಂಬರಿನ ತರಬೇತಿ ಹುಡುಗಿ. ದೀಪಸ್ತಂಭ ಕಾಯುವವರ ಮಗಳು, ತಂಡಕ್ಕೇ ಮೊದಲಿಗಳು. ಅವಳನ್ನು ತನಿಖಾಧಿಕಾರಿ ಬೆಳಿಗ್ಗೆಯೇ ನೋಡಿ ಬಂದಿದ್ದ. ಖಾಲಿ ತರಗತಿಯಲ್ಲಿ ಕೂರಿಸಿ, ನಿಯಮಾವಳಿಯನ್ನು ಮೊದಲಿಂದ ಕೊನೆಯವರೆಗೆ ನಕಲು ಮಾಡು ಎಂದು ಶಿಕ್ಷೆ ಕೊಟ್ಟಿದ್ದರು. ಅವಳು ನಕಲು ಮಾಡುತ್ತ, ನಿಯಮಾವಳಿಯಲ್ಲಿದ್ದ ಒಂಬತ್ತು ತಪ್ಪುಗಳಿಗೆ ಅಡಿಗೆರೆ ಎಳೆದಿದ್ದಳು. ಕೇಳಿದ ಪ್ರಶ್ನೆಗೆಲ್ಲ ಅವಳದು ಒಂದೇ ಉತ್ತರ. ಹಗ್ಗಕ್ಕೆ ಕಟ್ಟುವಾಗ ಬಾವುಟ ನೀಲಿಯಾಗಿತ್ತು, ಹಗ್ಗ ಬಿಗಿದು ತಲೆ ಎತ್ತಿದಾಗ ಹಳದಿಯಾಗಿತ್ತು.

ಇದನ್ನು ಶಾಲೆಯಲ್ಲಿ ಯಾರೂ ನಂಬಿರಲಿಲ್ಲ. ತನಿಖಾಧಿಕಾರಿಯೂ ಪೂರ್ತಿ ನಂಬಿರಲಿಲ್ಲ. ಆದರೆ ನಿಯಮಾವಳಿಯಲ್ಲೇ ತಪ್ಪು ಹುಡುಕುವ ಹುಡುಗಿ ಹಳದಿಗೆ ನೀಲಿ ಎನ್ನಲಾರಳು ಎಂದು ಮಾತ್ರ ಅನ್ನಿಸಿತ್ತು. ಅದಕ್ಕೇ ಈಗ ಭೂತಗನ್ನಡಿ ಹಿಡಿದು, ಧೈರ್ಯ ಒಟ್ಟುಗೂಡಿಸಿಕೊಂಡು, ಅತ್ತೆಯ ಕೋಣೆಗೆ ಬಂದಿದ್ದ.

ಅತ್ತೆ ಈ ಶಾಲೆಯಲ್ಲಿ ಮೂವತ್ತೊಂದು ವರ್ಷದಿಂದ ಬಾವುಟ ಹೊಲಿಯುತ್ತಿದ್ದವರು. ಎಲ್ಲರೂ ಬಾವುಟದಮ್ಮ ಎಂದೇ ಕರೆಯುತ್ತಿದ್ದರು. ಅಳಿಯನ ಮೇಲೆ ಅವರಿಗಿದ್ದ ಸಿಟ್ಟಿಗೆ ಕಾರಣ ಚಿಕ್ಕದು. ಮೂರು ವರ್ಷದ ಹಿಂದೆ, ಮನೆ ತುಂಬ ನೆಂಟರಿದ್ದಾಗ ಅವರ ಉಂಗುರ ಕಾಣೆಯಾಯಿತು. ಕೆಲಸದವಳೇ ತೆಗೆದಿರಬೇಕು ಎಂದು ಅವರು ಅಂದರು. ಅಳಿಯ ಎಲ್ಲರನ್ನೂ ಹಜಾರದಲ್ಲಿ ಕೂರಿಸಿ, ಒಬ್ಬೊಬ್ಬರನ್ನೇ ಪ್ರಶ್ನಿಸಿ, ಕೊನೆಗೆ ಅತ್ತೆಯ ಕಡೆಗೇ ಬೆರಳು ತೋರಿಸಿ, ಉಂಗುರವನ್ನು ಕಳೆದವರು ಇವರೇ, ಅದು ಹಿಟ್ಟಿನ ಡಬ್ಬಿಯಲ್ಲಿದೆ ಎಂದು ಘೋಷಿಸಿದ. ಉಂಗುರ ಹಿಟ್ಟಿನ ಡಬ್ಬಿಯಲ್ಲೇ ಇತ್ತು. ಅವನ ಲೆಕ್ಕ ತಪ್ಪಾಗಿದ್ದರೆ ಅತ್ತೆ ಎರಡು ದಿನದಲ್ಲಿ ಕ್ಷಮಿಸಿಬಿಡುತ್ತಿದ್ದರು.

ತನಿಖಾಧಿಕಾರಿ ಹಳದಿ ಬಾವುಟವನ್ನು ಮೇಜಿನ ಮೇಲೆ ಹರವಿದ. ಹಗ್ಗಕ್ಕೆ ಕಟ್ಟುವ ಅಂಚಿನುದ್ದಕ್ಕೂ ಸಣ್ಣ ಸಣ್ಣ ತೂತುಗಳ ಸಾಲು ಇತ್ತು. ಎರಡು ತೂತಿನಲ್ಲಿ ನೀಲಿ ನೂಲಿನ ಎಳೆ ಸಿಕ್ಕಿಕೊಂಡಿತ್ತು. ಈ ತೂತುಗಳು ಏನೆಂದು ಕೇಳಿ ಎಂದು ಗುಮಾಸ್ತರಿಗೆ ಹೇಳಿದ.

ಗುಮಾಸ್ತರು ಕೇಳಿದರು. ಅತ್ತೆ ಬಾವುಟದ ಕಡೆ ನೋಡದೆ, ಹಾಗೆ ಕೇಳುವವರಿಗೆ ಕಣ್ಣಿದ್ದರೆ ತಾವೇ ನೋಡಿಕೊಳ್ಳಲಿ ಎಂದರು. ಗುಮಾಸ್ತರು ತುಸು ಯೋಚಿಸಿ, ದೃಷ್ಟಿ ಪರೀಕ್ಷೆಯ ಬಗ್ಗೆ ಏನೋ ಸಲಹೆ ಕೊಡುತ್ತಿದ್ದಾರೆ ಎಂದು ತಿಳಿಸಿ, ಅದನ್ನೇ ಬರೆದುಕೊಂಡರು. ಇಪ್ಪತ್ತು ವರ್ಷ ಸಾಹೇಬರುಗಳ ನಡುವೆ ಬದುಕಿ ಅವರಿಗೆ ಬೈಗುಳವನ್ನು ಮೆದುಮಾಡಿ ದಾಟಿಸುವುದು ಅಭ್ಯಾಸವಾಗಿತ್ತು.

ಹೀಗೆ ಕಾಲು ಗಂಟೆ ಕಳೆಯಿತು. ಬುಧವಾರದಿಂದ ಶನಿವಾರದವರೆಗೆ ಈ ಕೋಣೆಗೆ ಯಾರು ಯಾರು ಬಂದಿದ್ದರು? ಬರಬೇಕಾದವರು ಬಂದಿದ್ದರು. ಯಾರಾದರೂ ಸೂಜಿ ದಾರ ಕೇಳಿದ್ದರಾ? ಕೇಳಿದವರಿಗೆ ಇಲ್ಲ ಅನ್ನುವ ವಂಶ ತಮ್ಮದಲ್ಲ. ಗುಮಾಸ್ತರ ಕತ್ತು ಆ ಕಡೆ ಈ ಕಡೆ ತಿರುಗಿ ತಿರುಗಿ ನೋಯತೊಡಗಿತು.

ಕೊನೆಗೆ ತನಿಖಾಧಿಕಾರಿ ಭೂತಗನ್ನಡಿಯನ್ನು ಜೇಬಿಗೆ ಹಾಕಿದ.

"ಅವರಿಗೆ ಹೇಳಿ," ಎಂದ, "ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ಆ ಹುಡುಗಿಗೆ ವಜಾ ಪತ್ರ ಕೊಡ್ತಾರೆ. ಪೆಟ್ಟಿಗೆ ಆಗಲೇ ಕಟ್ಟಿಟ್ಟಿದ್ದಾಳೆ."

ಗುಮಾಸ್ತರು ಬಾಯಿ ತೆರೆಯುವ ಮೊದಲೇ ಅತ್ತೆಯ ಸೂಜಿ ನಿಂತಿತು. ಯಾವ ಹುಡುಗಿ ಎಂದು ಕೇಳಿದರು. ಏಳನೇ ನಂಬರು ಎಂದರು ಗುಮಾಸ್ತರು. ಅವಳಿಗೆ ಒಂದು ವಾರ ಹಡಗು ತೊಳೆಯುವ ಶಿಕ್ಷೆ ಅಷ್ಟೇ ಅಂತ ತಾನು ತಿಳಿದಿದ್ದೆ ಎಂದರು ಅತ್ತೆ. ಆ ಹುಡುಗಿ ಬಿಡುವಾದಾಗಲೆಲ್ಲ ಬಂದು ಅಂಚು ಮಡಚುವುದಕ್ಕೆ ಕೈ ಜೋಡಿಸುತ್ತಿದ್ದಳಂತೆ. ಮಡಚಿದ ಅಂಚು ಅಳೆದಂತೆ ಇರುತ್ತಿತ್ತಂತೆ.

ಅವರು ಎದ್ದು ಬಂದರು. ಕನ್ನಡಕ ಹಣೆಯಿಂದ ಮೂಗಿಗೆ ಇಳಿಯಿತು. ಹಳದಿ ಬಾವುಟದ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ಎತ್ತಿದರು.

"ಇದು ಕಚ್ಚಾ ಹೊಲಿಗೆ," ಎಂದರು, ಗುಮಾಸ್ತರನ್ನು ಬಿಟ್ಟು ನೇರವಾಗಿ ಅಳಿಯನಿಗೆ. "ಉದ್ದುದ್ದ ಟಾಕು, ತೆಳ್ಳಗಿನ ದಾರ. ಎಳೆದರೆ ಬಿಚ್ಚಿ ಬರಲಿ ಅಂತಲೇ ಹಾಕಿದ್ದು."

ತನಿಖಾಧಿಕಾರಿ ಉಸಿರು ಬಿಗಿಹಿಡಿದ. ಮೂರು ವರ್ಷದ ಮೇಲೆ ಬಿದ್ದ ಮೊದಲ ಮಾತು. ಅದನ್ನು ಗಮನಿಸಿದ್ದೇನೆಂದು ತೋರಿಸಿಕೊಂಡರೆ ಮತ್ತೆ ಮೂರು ವರ್ಷ ಕಾಯಬೇಕಾಗುತ್ತದೆಂದು ಅವನಿಗೆ ಗೊತ್ತಿತ್ತು. ತುತ್ತೂರಿಯವನ ಆರೋಗ್ಯ ವಿಚಾರಿಸುವವನ ಹಾಗೆ ಮುಖ ಮಾಡಿಕೊಂಡು, ಏನನ್ನು ಹೊಲಿದಿರಬಹುದು ಎಂದು ಕೇಳಿದ.

ಅತ್ತೆ ವಿವರಿಸಿದರು. ದಿಂಬಿಗೆ ಗವಸು ಹಾಕುತ್ತಾರಲ್ಲ, ಹಾಗೆ ಈ ಹಳದಿ ಬಾವುಟಕ್ಕೆ ಯಾರೋ ನೀಲಿ ಗವಸು ತೊಡಿಸಿದ್ದಾರೆ. ಹಗ್ಗದ ಕಡೆಯ ಅಂಚಿನಲ್ಲಿ ಮಾತ್ರ ಒಂದು ಸಾಲು ಟಾಕು. ಕಟ್ಟುವವರ ಕಣ್ಣಿಗೆ ಅದು ನೀಲಿ ಬಾವುಟವೇ. ಮೇಲೆ ಹೋಗಿ ಗಾಳಿ ತುಂಬಿತೋ, ಗವಸು ಪಟ್ಟನೆ ಕಿತ್ತು ಸಮುದ್ರಕ್ಕೆ ಹಾರುತ್ತದೆ. ಒಳಗಿನ ಹಳದಿ ಹೊರಗೆ ಬರುತ್ತದೆ. ಹುಡುಗಿ ಕಂಡದ್ದನ್ನೇ ಹೇಳಿದ್ದಾಳೆ.

"ಖಾನೆಯಲ್ಲಿ ಬಾವುಟ ಅದಲುಬದಲು ಮಾಡಿದ್ದರೆ ಸಾಕಿತ್ತಲ್ಲ," ಎಂದ ತನಿಖಾಧಿಕಾರಿ. "ಇಷ್ಟು ಕಷ್ಟ ಯಾಕೆ?"

"ಬೇರೆಯವರಿಗಾದರೆ ಸಾಕಿತ್ತು. ಅವಳು ನೋಡದೆ ಕಟ್ಟೋಳಲ್ಲ. ಅದು ಗೊತ್ತಿದ್ದೋರೇ ಮಾಡಿದ್ದು." ಅತ್ತೆ ಅಂಚನ್ನು ಮತ್ತೆ ಬೆಳಕಿಗೆ ತಿರುಗಿಸಿದರು. "ಟಾಕಿನ ತೂತು ಈ ಕಡೆ ವಾಲಿದೆ ನೋಡಿ. ಎಡಗೈಯವರ ಹೊಲಿಗೆ."

ಕೋಣೆಯಲ್ಲಿ ಒಂದು ಕ್ಷಣ ಲೇಖನಿಯ ಸದ್ದು ಮಾತ್ರ ಕೇಳುತ್ತಿತ್ತು. ಎಡಗೈಯವರ ಹೊಲಿಗೆ ಎಂದು ಗುಮಾಸ್ತರು ಬರೆದುಕೊಳ್ಳುತ್ತಿದ್ದರು, ಎಡಗೈಯಲ್ಲಿ. ಬರೆದು ಮುಗಿಸಿ ತಲೆಯೆತ್ತಿದಾಗ ಅತ್ತೆ ಅಳಿಯ ಇಬ್ಬರೂ ಅವರ ಕೈಯನ್ನೇ ನೋಡುತ್ತಿದ್ದರು.

ಗುಮಾಸ್ತರ ಮುಖ ಸುಣ್ಣದ ಗೋಡೆಯಾಯಿತು. ಅವರು ಲೇಖನಿಯನ್ನು ನಿಧಾನವಾಗಿ ಬಲಗೈಗೆ ದಾಟಿಸಿದರು. ಅದರಿಂದ ಪರಿಸ್ಥಿತಿ ಇನ್ನಷ್ಟು ಕೆಟ್ಟಿತು. ಕೊನೆಗೆ ಅವರು ಎದ್ದು ನಿಂತು, ಅಂಗಿಯ ತುದಿ ಎತ್ತಿ ತೋರಿಸಿದರು. ಗುಂಡಿ ಇರಬೇಕಾದ ಮೂರು ಕಡೆ ಪಿನ್ನು ಚುಚ್ಚಿತ್ತು. ಸೂಜಿಗೆ ದಾರ ಪೋಣಿಸಲು ಬಂದಿದ್ದರೆ ತಾನು ಹೀಗೇಕೆ ಓಡಾಡುತ್ತಿದ್ದೆ ಎಂದು ಕೇಳಿದರು. ಹೆಂಡತಿ ತವರಿಗೆ ಹೋಗಿ ಒಂದು ತಿಂಗಳಾಯಿತೆಂದೂ, ಇದನ್ನು ವರದಿಯಲ್ಲಿ ಸೇರಿಸಬಾರದೆಂದೂ ಕೋರಿದರು.

ಅತ್ತೆ ಅವರನ್ನು ಕೂರಿಸಿದರು. ತಾವೂ ಕುರ್ಚಿ ಎಳೆದುಕೊಂಡು ಕೂತರು. ಗುರುವಾರ ಸಂಜೆ ದೀಪದ ಮೇಷ್ಟ್ರು ಬಂದು ಸೂಜಿ, ತೆಳ್ಳಗಿನ ದಾರ ಕೇಳಿ ಒಯ್ದರಂತೆ. ಕೋಟಿನ ಗುಂಡಿ ಹಾಕಬೇಕು ಎಂದರಂತೆ. ಇಷ್ಟು ಹೇಳಲು ಅವರಿಗೆ ಕಷ್ಟವಾಯಿತು. ಮೊದಲೇ ಯಾಕೆ ಹೇಳಲಿಲ್ಲ ಎಂದು ತನಿಖಾಧಿಕಾರಿ ಕೇಳಿದ.

"ಉಂಗುರದ ದಿನ ಅವರೂ ನಮ್ಮನೇಲಿದ್ರು," ಎಂದರು ಅತ್ತೆ. "ಹಿಟ್ಟಿನ ಡಬ್ಬಿಗೆ ಉಂಗುರ ಬೇರೆ ಯಾರಿಂದಲಾದರೂ ಬಿದ್ದಿರಬಹುದಲ್ಲ ಅಂತ ಅಂದೋರು ಅವರೊಬ್ಬರೇ."

ಮೂವರೂ ಹಡಗಿಗೆ ಹೊರಟರು. ಅತ್ತೆ ಬರುವ ಅಗತ್ಯವಿಲ್ಲ ಎಂದು ತನಿಖಾಧಿಕಾರಿ ಹೇಳಿ ನೋಡಿದ. ತಾನಿಲ್ಲದೆ ತನ್ನ ಬಾವುಟ ಬಾಗಿಲು ದಾಟುವುದಿಲ್ಲ ಎಂದು ಅವರು ಹಳದಿ ಬಾವುಟವನ್ನು ಮಡಚಿ ಕಂಕುಳಲ್ಲಿಟ್ಟುಕೊಂಡರು.

ದೀಪದ ಮೇಷ್ಟ್ರೆಂದರೆ ಶಾಲೆಗೇ ನಡುಕ. ಶಾಲೆಯ ಗುಟ್ಟಿನ ಕಾಗದಗಳಿರುವ ಕಬ್ಬಿಣದ ಕಪಾಟಿನ ಬೀಗದ ಕೈಯೂ ಅವರ ಸೊಂಟದಲ್ಲೇ. ಇನ್ನೊಂದು ತಿಂಗಳಿಗೆ ನಿವೃತ್ತಿ. ಹಡಗಿನ ಮೇಲಟ್ಟದಲ್ಲಿ, ಬಾಣಲೆಯಷ್ಟು ಅಗಲದ ಸಂಕೇತ ದೀಪದ ಹಿಂದೆ ನಿಂತು, ಅದರ ಮುಂದಿನ ಪಟ್ಟಿಗಳನ್ನು ಟಕಟಕ ತೆರೆದು ಮುಚ್ಚಿ, ಬೆಳಕಿನ ತುಂಡುಗಳಲ್ಲಿ ಅಕ್ಷರ ಕಳಿಸುತ್ತಿದ್ದರು. ಕೆಳಗೆ ಕಟ್ಟೆಯ ಮೇಲೆ ಹನ್ನೊಂದು ಮಂದಿ ತರಬೇತಿಯವರು ಪುಸ್ತಕ ಹಿಡಿದು ನಿಂತು, ಕಂಡದ್ದನ್ನು ಬರೆದುಕೊಳ್ಳುತ್ತಿದ್ದರು. ದೀಪ ಏನು ಹೇಳಿದರೂ ಬರೆಯಬೇಕು, ಯಾಕೆ ಏನು ಎಂದು ಕೇಳಬಾರದು. ಇದು ಮೇಷ್ಟ್ರ ಮೊದಲ ಪಾಠ.

ಆ ಪಾಠ ತನಿಖಾಧಿಕಾರಿಗೂ ನೆನಪಿತ್ತು. ಹದಿನೆಂಟು ವರ್ಷದ ಹಿಂದೆ ಅವನೂ ಅದೇ ಕಟ್ಟೆಯ ಮೇಲೆ ನಿಂತಿದ್ದ. ಮೇಷ್ಟ್ರು ಅವನನ್ನು ಎರಡು ಸಲ ನಪಾಸು ಮಾಡಿದ್ದರು. ಎರಡನೆಯ ಸಲ ಅವನು 'ಬಲಕ್ಕೆ ತಿರುಗಿ' ಎಂಬುದನ್ನು 'ಬಾಲಕ್ಕೆ ಕಟ್ಟಿ' ಎಂದು ಓದಿದ ಮೇಲೆ, ಇವನು ಪೊಲೀಸು ಶಾಖೆಗೆ ಹೋಗುವುದು ನೌಕಾಪಡೆಗೆ ಕ್ಷೇಮ ಎಂದು ಬರೆದುಕೊಟ್ಟಿದ್ದರು. ಈಗಲೂ ಶಾಲೆಯಲ್ಲಿ ಬೆನ್ನ ಹಿಂದೆ ಅವನಿಗೆ ಡಬಲ್ ಫೇಲು ಎಂದೇ ಹೆಸರು.

ಹಾಗಾಗಿ ಏಣಿ ಹತ್ತುವ ಮೊದಲು ಅವನು ಕಾಲರು ಸರಿಮಾಡಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

"ತರಗತಿ ನಡೀತಿದೆ," ಎಂದರು ಮೇಷ್ಟ್ರು, ತಿರುಗಿ ನೋಡದೆ.

ಎರಡೇ ಪ್ರಶ್ನೆ, ಹೆಚ್ಚು ಹೊತ್ತು ಹಿಡಿಯುವುದಿಲ್ಲ ಎಂದ ತನಿಖಾಧಿಕಾರಿ. ಗುರುವಾರ ತಂದ ದಾರ ಯಾವುದಕ್ಕೆ ಎಂದು ಕೇಳಿದ. ಗುಂಡಿಗೆ ಎಂದರು ಮೇಷ್ಟ್ರು. ಯಾವ ಗುಂಡಿ ತೋರಿಸಬಹುದೇ ಎಂದ. ಮೇಷ್ಟ್ರು ಕೋಟಿನ ಎದೆಯನ್ನು ಮುಂದೆ ಮಾಡಿದರು. ಆರು ಹಿತ್ತಾಳೆ ಗುಂಡಿ, ಆರೂ ಬಿಗಿಯಾಗಿ ಹೊಲಿದವು. ಎಲ್ಲದರ ದಾರವೂ ಒಂದೇ ಕಡೆ ವಾಲಿತ್ತು.

ಅತ್ತೆ ಹಳದಿ ಬಾವುಟ ಬಿಡಿಸಿ, ತೂತುಗಳ ಸಾಲನ್ನು ಗುಂಡಿಗಳ ಪಕ್ಕಕ್ಕೆ ಹಿಡಿದರು. ವಾಲು ಒಂದೇ.

"ನೀವು ಬರೆಯೋದು ಬಲಗೈಯಲ್ಲಿ," ಎಂದ ತನಿಖಾಧಿಕಾರಿ.

"ಚಿಕ್ಕಂದಿನಲ್ಲಿ ಹೊಡೆದು ಬಲಗೈ ಮಾಡಿಸಿದ್ರು," ಎಂದರು ಮೇಷ್ಟ್ರು. "ಸೂಜಿ ಹಿಡಿದಾಗ ಹೊಡೆಯೋಕೆ ಯಾರೂ ಇರಲಿಲ್ಲ."

ಅದರಾಚೆಗೆ ಅವರ ಮಾತು ಮುಂದುವರಿಯಲಿಲ್ಲ. ಅವರು ಸ್ವಭಾವತಃ ಹಾಗೆ. ಬೈಯುವುದಕ್ಕೆ ನಾಲಿಗೆ ಸರಾಗ, ಮನಸ್ಸಿನದು ಹೇಳಬೇಕಾದರೆ ಕೀಲಿ ಹಾಕಿದಂತೆ. ಹೆಂಡತಿಯನ್ನು ಮದುವೆಯಾಗುತ್ತೀಯಾ ಎಂದು ಅವರು ಕೇಳಿದ್ದೂ ಇದೇ ದೀಪದಿಂದ, ಬಂದರಿನಾಚೆಯ ಅವಳ ಕಿಟಕಿಗೆ ಗುರಿಯಿಟ್ಟು. ಅವಳಿಗೆ ಸಂಕೇತ ಬರುತ್ತಿರಲಿಲ್ಲ. ಯಾರೋ ಮನೆಯೊಳಕ್ಕೆ ಬೆಳಕು ಬಿಡುತ್ತಿದ್ದಾರೆಂದು ಅವಳ ತಂದೆ ದೂರು ಕೊಟ್ಟಿದ್ದರು.

ಈಗಲೂ ಮೇಷ್ಟ್ರು ಮೆಲ್ಲಗೆ ದೀಪದ ಕಡೆ ತಿರುಗಿದರು. ಕೈ ಹಿಡಿಕೆಯ ಮೇಲೆ ಬಂತು. ಟಕ, ಟಕಟಕ, ಟಕ.

ತನಿಖಾಧಿಕಾರಿ ಕಣ್ಣು ಕಿರಿದು ಮಾಡಿ ನೋಡಿದ. 'ಬಾ' ಎಂಬ ಅಕ್ಷರ ಹಿಡಿದ. ಮುಂದಿನದನ್ನು ಹಿಡಿಯುವಷ್ಟರಲ್ಲಿ ಮತ್ತೆ ನಾಲ್ಕು ಹೋಗಿದ್ದವು. ತನ್ನ ವೃತ್ತಿ ಜೀವನದ ಮೊದಲ ತಪ್ಪೊಪ್ಪಿಗೆ ಕಣ್ಣೆದುರಿಗೇ ನಡೆಯುತ್ತಿದ್ದರೂ ಅವನಿಗೆ ಆ ಒಂದಕ್ಷರ ಬಿಟ್ಟು ಏನೂ ತಿಳಿಯುತ್ತಿರಲಿಲ್ಲ.

"ಬಾವುಟ ಮಾಡಿದ್ದು ನಾನೇ," ಎಂದು ಓದಿದರು ಅತ್ತೆ, ಅವನ ಪಕ್ಕಕ್ಕೆ ಬಂದು. ಮೂವತ್ತೊಂದು ವರ್ಷ ಆ ದೀಪದೆದುರಿನ ಕಿಟಕಿಯಲ್ಲಿ ಕೂತವರಿಗೆ ಅದು ಅಚ್ಚಾದ ಪುಸ್ತಕದಷ್ಟೇ ಸಲೀಸು. "ಏಳನೇ ನಂಬರಿನ ತಪ್ಪಿಲ್ಲ. ಅವಳು ನನ್ನ ಅತ್ಯುತ್ತಮ ವಿದ್ಯಾರ್ಥಿ. ಇದನ್ನು ಅವಳಿಗೆ ಯಾವತ್ತೂ ಹೇಳಿಲ್ಲ."

ದೀಪ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಅತ್ತೆ ಓದುತ್ತ ಹೋದರು, ತನಿಖಾಧಿಕಾರಿ ಕೇಳುತ್ತ ಹೋದ. ವಿಷಯ ಹೀಗಿತ್ತು. ನಾಡಿದ್ದು ಬೆಳಿಗ್ಗೆ ಇಪ್ಪತ್ತೆರಡು ಯುದ್ಧನೌಕೆಗಳು ಸಮುದ್ರಾಭ್ಯಾಸಕ್ಕೆ ಹೊರಡಲಿವೆ. ಅವುಗಳ ನಡುವಿನ ಗುಪ್ತ ಸಂದೇಶಗಳಿಗೆಲ್ಲ ಒಂದೇ ಗುಪ್ತಲಿಪಿ ಪುಸ್ತಕ. ಹೊಸ ತಂಡವೂ ಅಭ್ಯಾಸಕ್ಕೆ ಹೋಗುವುದರಿಂದ ಅದರ ಒಂದು ಪ್ರತಿ ಈ ಶಾಲೆಗೂ ಬಂದಿತ್ತು. ಮೇಷ್ಟ್ರೇ ಸಹಿ ಹಾಕಿ ಪಡೆದು ಕಬ್ಬಿಣದ ಕಪಾಟಿನಲ್ಲಿಟ್ಟಿದ್ದರು. ಗುರುವಾರ ಮಧ್ಯಾಹ್ನ ಕಪಾಟು ತೆರೆದರೆ ಪುಸ್ತಕ ಇರಲಿಲ್ಲ.

ಮೂವತ್ತಾರು ವರ್ಷದಲ್ಲಿ ಒಂದು ಪೆನ್ಸಿಲನ್ನೂ ಕಳೆಯದವರು. ಯಾರಿಗೂ ಹೇಳಲು ಬಾಯಿ ಬರಲಿಲ್ಲ. ಶನಿವಾರ ದೊಡ್ಡ ಸಾಹೇಬರು ಬಂದವರೇ ಮೊದಲು ಕೇಳುವುದು ಆ ಪುಸ್ತಕವನ್ನು. ಹುಡುಕಲು ಎರಡು ದಿನ ಸಿಕ್ಕರೆ ಸಾಕು ಎನ್ನಿಸಿತು. ಅಂಟುರೋಗ ಎಂದರೆ ಸಾಹೇಬರು ಹತ್ತಿರ ಸುಳಿಯುವುದಿಲ್ಲ. ಹಾಗೆಂದು ಗವಸು ಹೊಲಿದರು. ವಾದ್ಯದವರಿಗೆ ಔಷಧಿ ಹೊಡೆಯುತ್ತಾರೆಂದು ಅವರಿಗೆ ಹೊಳೆದಿರಲಿಲ್ಲ.

"ಗದ್ದಲ ಮುಗಿದು ಕಪಾಟು ತೆರೆದೆ," ಎಂದು ಓದಿದರು ಅತ್ತೆ. "ಪುಸ್ತಕ ಅದರ ಜಾಗದಲ್ಲೇ ಇತ್ತು. ಯಾರು ತೆಗೆದರು, ಯಾರು ತಂದಿಟ್ಟರು, ಗೊತ್ತಿಲ್ಲ. ಹುಡುಗಿಯ ವಿಷಯ ನಾಳೆ ಹನ್ನೊಂದು ಗಂಟೆಗೆ ಹೇಳುವುದೆಂದು ನಿರ್ಧರಿಸಿದ್ದೆ."

"ಹನ್ನೊಂದಕ್ಕೇ ಯಾಕೆ?" ಎಂದ ತನಿಖಾಧಿಕಾರಿ.

ಮೇಷ್ಟ್ರು ದೀಪ ಬಿಟ್ಟು ಇವನ ಕಡೆ ತಿರುಗಿದರು. ಕಣ್ಣು ಒದ್ದೆಯಾಗಿತ್ತು. "ಧೈರ್ಯ ಬರೋಕೆ ಅಷ್ಟು ಹೊತ್ತು ಬೇಕಿತ್ತು," ಎಂದರು, ಬಾಯಿಂದಲೇ.

ಅಷ್ಟರಲ್ಲಿ ಕಟ್ಟೆಯ ಮೇಲಿನಿಂದ ತಂಡದ ಮುಂದಾಳು ಏಣಿ ಹತ್ತಿ ಬಂದು ಸೆಟೆದು ನಿಂತು, ಹನ್ನೊಂದು ಹಾಳೆಗಳನ್ನು ಮೇಷ್ಟ್ರ ಕೈಗೆ ಒಪ್ಪಿಸಿದಳು. ತಪ್ಪೊಪ್ಪಿಗೆ, ಹನ್ನೊಂದು ಪ್ರತಿ, ದಿನಾಂಕ ಸಮಯ ಸಮೇತ. ಯಾರೂ ಯಾಕೆ ಏನು ಎಂದು ಕೇಳಿರಲಿಲ್ಲ. ಮೇಷ್ಟ್ರು ತೋಳಿನಿಂದ ಕಣ್ಣೊರೆಸಿಕೊಂಡು, ಅಭ್ಯಾಸಬಲದಿಂದ ಕೆಂಪು ಪೆನ್ಸಿಲು ತೆಗೆದರು. ನಾಲ್ಕನೇ ನಂಬರಿನವನು 'ಗವಸು' ಎಂಬುದನ್ನು 'ಗಸಗಸು' ಎಂದು ಬರೆದಿದ್ದ. ಅದಕ್ಕೆ ಸುತ್ತು ಹಾಕಿ ಅರ್ಧ ಅಂಕ ಕಳೆದರು.

ತನಿಖಾಧಿಕಾರಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಹುಡುಗಿಯ ವಜಾ ಪತ್ರ ತಡೆಯಲು ಒಂದು ಚೀಟಿ ಬರೆದು ಗುಮಾಸ್ತರಿಗೆ ಕೊಟ್ಟ. ಹಾಗೆಯೇ ಕಪಾಟಿನಿಂದ ಆ ಪುಸ್ತಕವನ್ನೂ ತನ್ನಿ, ಒಂದು ಸಲ ಕಣ್ಣಿಂದ ನೋಡಿ ಪ್ರಕರಣ ಮುಗಿಸೋಣ ಎಂದ. ಮೇಷ್ಟ್ರು ಸೊಂಟದಿಂದ ಬೀಗದ ಕೈ ಬಿಚ್ಚಿಕೊಟ್ಟರು.

ಗುಮಾಸ್ತರು ಬರುವವರೆಗೆ ಮೂವರೂ ಕಬ್ಬಿಣದ ಬೆಂಚಿನ ಮೇಲೆ ಕೂತರು. ಅತ್ತೆ ಮೇಷ್ಟ್ರನ್ನು ಬೈದರು. ಅಷ್ಟು ವರ್ಷದ ಪರಿಚಯ, ಬಂದು ಒಂದು ಮಾತು ಹೇಳಿದ್ದರೆ ಗವಸನ್ನಾದರೂ ನೆಟ್ಟಗೆ ಹೊಲಿದುಕೊಡುತ್ತಿದ್ದೆ ಎಂದರು. ತನಿಖಾಧಿಕಾರಿ ಇದನ್ನು ಕೇಳಿಸಿಕೊಳ್ಳದವನಂತೆ ಸಮುದ್ರ ನೋಡಿದ.

ಹತ್ತು ನಿಮಿಷದಲ್ಲಿ ಗುಮಾಸ್ತರು ಏಣಿ ಹತ್ತಿ ಬಂದರು. ಹುಡುಗಿಗೆ ಸುದ್ದಿ ಮುಟ್ಟಿಸಿದ್ದಾಯಿತೆಂದರು. ಅವಳು ಸಂತೋಷಪಟ್ಟು, ವಜಾ ಪತ್ರದ ಕರಡಿನಲ್ಲಿದ್ದ ಎರಡು ತಪ್ಪು ತೋರಿಸಿದಳಂತೆ. ಒಂದು ಕೈಯಲ್ಲಿ ಟೀ ಲೋಟ ಹಿಡಿದಿದ್ದರು. ಇನ್ನೊಂದು ಕೈಯ ಎರಡು ಬೆರಳ ನಡುವೆ ದಪ್ಪ ಪುಸ್ತಕವೊಂದು, ಸಂತೆಯಿಂದ ತಂದ ಕೋಸಿನ ಎಲೆಯ ಹಾಗೆ ನೇತಾಡುತ್ತಿತ್ತು.

ಅತ್ತೆ ಬೆಂಚಿನಿಂದ ಎದ್ದರು.

"ಅದನ್ನ ಒಂದು ಕೈಯಲ್ಲಿ ತಂದ್ರಾ?"

ಟೀ ತಣ್ಣಗಾಗುತ್ತಿತ್ತು ಎಂದು ಗುಮಾಸ್ತರು ಸಮಜಾಯಿಷಿ ಕೊಟ್ಟರು. ಅತ್ತೆ ಅವರ ಕೈಯಿಂದ ಪುಸ್ತಕ ಕಿತ್ತುಕೊಂಡು ತೂಗಿ ನೋಡಿದರು. ಆಮೇಲೆ ಅಳಿಯನಿಗೆ ಹೇಳಿದರು. ಗುಪ್ತಲಿಪಿ ಪುಸ್ತಕದ ಎರಡು ರಟ್ಟಿನೊಳಗೂ ಸೀಸದ ತಗಡು ಇರುತ್ತದೆ. ಹಡಗು ಶತ್ರುವಿನ ಕೈಗೆ ಸಿಕ್ಕುವಂತಾದರೆ ಪುಸ್ತಕವನ್ನು ಸಮುದ್ರಕ್ಕೆ ಎಸೆಯಬೇಕು, ಎಸೆದದ್ದು ನೇರ ತಳಕ್ಕೆ ಹೋಗಬೇಕು, ಅದಕ್ಕೆ. ತಗಡಿನ ಮೇಲೆ ಕ್ಯಾನ್‌ವಾಸಿನ ಹೊದಿಕೆ ಹೊಲಿಯುವುದು ತಮ್ಮದೇ ಕೈ. ಹೋದ ವರ್ಷ ಅಂಥ ಒಂದು ಪುಸ್ತಕ ಕಾಲ ಮೇಲೆ ಬಿದ್ದು ಹೆಬ್ಬೆರಳಿನ ಉಗುರು ಎರಡು ತಿಂಗಳು ಕಪ್ಪಾಗಿತ್ತು.

ಮೇಷ್ಟ್ರು ತಾನು ಅದನ್ನು ಮುಟ್ಟಿಯೇ ಇರಲಿಲ್ಲ ಎಂದು ತೊದಲಿದರು. ಶನಿವಾರ ಕಪಾಟಿನಲ್ಲಿ ಅದರ ಬೆನ್ನು ಕಂಡದ್ದೇ ಸಾಕಾಗಿ, ಬಾಗಿಲು ಮುಚ್ಚಿ ಕೈ ಮುಗಿದಿದ್ದರಂತೆ.

ಗೋಡೆಗೆ ತೂಗಿದ್ದ ಬೆಂಕಿ ನಂದಿಸುವ ಬಕೆಟ್ಟಿನ ತುಂಬ ನೀರಿತ್ತು. ತನಿಖಾಧಿಕಾರಿ ಅದನ್ನು ಇಳಿಸಿ ನೆಲದ ಮೇಲಿಟ್ಟ. ಅತ್ತೆ ಪುಸ್ತಕವನ್ನು ಅದರೊಳಕ್ಕೆ ಬಿಟ್ಟರು.

ಪುಸ್ತಕ ಒಮ್ಮೆ ಮುಳುಗಿ, ಮೇಲೆದ್ದು, ಪಕ್ಕಕ್ಕೆ ಹೊರಳಿ, ಹಾಯಾಗಿ ತೇಲಿತು.

ನಾಲ್ವರೂ ಬಕೆಟ್ಟಿನ ಸುತ್ತ ಬಗ್ಗಿ ನಿಂತರು. ಹಾಳೆಗಳು ಬಿಡಿಸಿಕೊಂಡವು. ಒಳಗೆ ಹಳೆಯ ಹಾಜರಿ ಪಟ್ಟಿ. ಇಪ್ಪತ್ತೆರಡು ಹಡಗುಗಳ ಗುಟ್ಟು ಗುರುವಾರದಿಂದ ಇವತ್ತಿನವರೆಗೂ ಯಾರದೋ ಕೈಯಲ್ಲಿತ್ತು. ಹಡಗುಗಳು ಹೊರಡಲು ಇನ್ನು ಎರಡು ದಿನವೂ ಉಳಿದಿರಲಿಲ್ಲ.

ಅತ್ತೆ ಒದ್ದೆ ಪುಸ್ತಕ ಎತ್ತಿ, ಹೊದಿಕೆಯ ಮೂಲೆಯನ್ನು ಹೆಬ್ಬೆರಳಿನಿಂದ ಸವರಿದರು. ಅವರ ಮುಖದ ಬಣ್ಣ ಬದಲಾಯಿತು.

"ಈ ಹೊದಿಕೆ ಹೊಲಿದದ್ದು ನಾನೇ," ಎಂದರು. "ಮೂರು ವಾರದ ಹಿಂದೆ ಕಚೇರಿ ಟಪಾಲಿನಲ್ಲಿ ಚೀಟಿ ಬಂದಿತ್ತು. ಪಾಠಕ್ಕೆ ತೋರಿಸೋಕೆ ಒಂದು ಬೇಕು, ಸೀಸ ಬೇಡ ಅಂತ. ಯಾತಕ್ಕೆ ಅಂತ ಕೇಳೋಣ ಅಂದ್ರೆ, ಚೀಟಿ ಬರೆದೋರ ಜೊತೆ ನನಗೆ ಮಾತಿರಲಿಲ್ಲ."

ಸೊಂಟದ ಚೀಲದಿಂದ ಕೆಲಸದ ಚೀಟಿಗಳ ಕಟ್ಟು ತೆಗೆದು, ಒಂದನ್ನು ಆರಿಸಿ ಅಳಿಯನ ಕೈಗಿಟ್ಟರು.

ತನಿಖಾಧಿಕಾರಿ ಓದಿದ. ಕೆಳಗೆ ಸಹಿ ಇತ್ತು. ಕೊನೆಯ ಅಕ್ಷರದ ಬಾಲ ಸುತ್ತಿ ಮೇಲೆ ಬಂದು, ಮೊದಲ ಅಕ್ಷರದ ತಲೆಗೆ ತಾಗುವ ಸಹಿ. ಅದನ್ನು ಅವನು ದಿನಕ್ಕೆ ಇಪ್ಪತ್ತು ಸಲ ಹಾಕುತ್ತಿದ್ದ. ಅಂಥ ಚೀಟಿ ಬರೆದ ನೆನಪೇ ಅವನಿಗಿರಲಿಲ್ಲ, ಆದರೆ ಎಷ್ಟು ದಿಟ್ಟಿಸಿದರೂ ಅದು ತನ್ನದಲ್ಲ ಎನ್ನಲು ಒಂದು ಗೆರೆಯೂ ಸಿಗಲಿಲ್ಲ.

ಗುಮಾಸ್ತರು ಟೀ ಲೋಟ ಕೆಳಗಿಟ್ಟು, ಎಡಗೈಗೆ ಲೇಖನಿ ತೆಗೆದುಕೊಂಡು, ಹೊಸ ಹಾಳೆ ಬಿಡಿಸಿದರು.

"ಶಂಕಿತರ ಪಟ್ಟಿಯಲ್ಲಿ," ಎಂದು ಮೆಲ್ಲಗೆ ಕೇಳಿದರು, "ನಿಮ್ಮನ್ನ ಮೇಲೆ ಬರೀಲಾ, ಕೆಳಗೆ 'ಇತರರು' ಅಂತ ಹಾಕಲಾ?"